ಪರಿಮಳವು ಎಲ್ಲಿಗೆ ಸೇರುವುದು?

ನಮ್ಮ ಪಿಲ್ಲಗುಂಪೆಯಿರುವ ಹೊಸಕೋಟೆ ತಾಲ್ಲೂಕಿನಲ್ಲಿ ಹರಿಯುವ ದಕ್ಷಿಣ ಪಿನಾಕಿನಿಗೆ, ಕೆಳಗಡೆ, ಬೆಂಗಳೂರಿನ ಬಚ್ಚಲುನೀರು ಬೆಳ್ಳಂದೂರು, ವರ್ತೂರು ಕೆರೆಗಳ ಮಾರ್ಗವಾಗಿ ಬಂದು ಸೇರುತ್ತದೆ. ಆ ಕೆರೆಗಳ ನೊರೆಯನ್ನು ನಾವೆಲ್ಲರೂ ಬಲ್ಲೆವು. ನೀರಿನೊಡನೆ ಹೋದ ಸಾಬೂನಿನ ಪರಿಮಳವು ಏನಾಯಿತೆಂದು ವಿಚಾರಿಸುವವರು ವಿರಳ.

ಪೂರ್ವದಲ್ಲಿ ಕಸ್ತೂರಿಯು ಮೃಗದಿಂದ ಮಾತ್ರ ದೊರೆಯುತ್ತಿದ್ದಿತು. 1888ರಲ್ಲಿ ಆಲ್ಬರ್ಟ್ ಬೌರ್ ಎಂಬ ರಸಾಯನಶಾಸ್ತ್ರಜ್ಞನು ಸಿಡಿಮದ್ದಿನ ಶೋಧನೆಯಲ್ಲಿರುವಾಗ ಕೃತಕ ಕಸ್ತೂರಿಯನ್ನು ಕಂಡನು, ಸುಗಂಧವು ಅಗ್ಗವಾಯಿತು. ಸಾಬೂನಿನಲ್ಲಿ ಬೆರೆಸುವ ಇಂಥ ದ್ರವ್ಯಗಳು ನೀರಿನಲ್ಲಿ ಅತ್ಯಲ್ಪವಾಗಿ ಕರಗುವುವು, ಬೇಗನೆ ಕೊಳೆಯವು. ಆದಕಾರಣ ಹೊಳೆಯ ಕೆಸರಿನಲ್ಲಿಯೂ ಮೀನಿನ ಕೊಬ್ಬಿನಲ್ಲಿಯೂ ನೆಲೆಗೊಳ್ಳುತ್ತವೆ. ಜಪಾನಿನ ತಾಮಾ ನದಿಯ ಮೀನುಗಳಲ್ಲಿ ಇವು ಕಂಡುಬಂದುದು 1981ರಲ್ಲಿ ಪ್ರಕಟವಾಯಿತು.

ಪ್ರಿಯ ಸೋದರಿಯರೇ, ಬಟ್ಟೆಯ ಕೊಳೆಯನ್ನು ಕಳೆಯುವುದು ಸಾಬೂನೇ ಹೊರತು ಸುಗಂಧವಲ್ಲ. ಪರಿಮಳವಿಲ್ಲದುದನ್ನು ಆರಿಸುವುದೂ, ಮಿತವಾಗಿ ಬಳಸುವುದೂ ನಮ್ಮ ಕೈಯಲ್ಲಿಯೇ ಉಂಟು. ನಮ್ಮ ಬಚ್ಚಲಿನ ನೀರು ಕೆಳಗಿನ ಊರಿನವರ ಹೊಳೆಯೆಂಬುದನ್ನು ಮರೆಯದಿರೋಣ.