ಒಂದು ನೊಣ ಕುಟುಕಿದರೆ ಇಡೀ ಗೂಡು ಏಳುವುದೇಕೆ?

ಶಾಲೆಯಂಗಳದ ಮರದಲ್ಲಿಯೋ ನೀರಿನ ತೊಟ್ಟಿಯ ಅಡಿಯಲ್ಲಿಯೋ ಹೆಜ್ಜೇನು ಗೂಡು ಕಟ್ಟಿದಾಗ ನಾವು ಮಕ್ಕಳಿಗೆ ‘ಕಲ್ಲೆಸೆಯಬೇಡಿ’ ಎಂದು ಎಚ್ಚರಿಸುತ್ತೇವೆ. ಏಕೆ ಎಸೆಯಬಾರದೆಂಬುದನ್ನು ವಿವರಿಸುವುದು ಮಾತ್ರ ಅಪರೂಪ. ಕಾರಣವನ್ನು ತಿಳಿದ ಮಗು ಅಪಾಯದ ಹೊತ್ತಿನಲ್ಲಿಯೂ ಸರಿಯಾಗಿ ವರ್ತಿಸೀತು ಎಂಬ ನಂಬಿಕೆಯಿಂದ ಈ ವಿಷಯವನ್ನು ಇಲ್ಲಿ ವಿವರಿಸುತ್ತಿದ್ದೇವೆ.

ಜೇನುನೊಣದ ಕೊಂಡಿಗೆ ಹಿಮ್ಮುಖವಾದ ಮುಳ್ಳುಗಳಿವೆ. ನಮ್ಮ ಚರ್ಮಕ್ಕೆ ನಾಟಿದ ಕೊಂಡಿ ವಿಷದ ಚೀಲದೊಡನೆ ಅಲ್ಲಿಯೇ ಉಳಿಯುತ್ತದೆ, ನೊಣ ಸಾಯುತ್ತದೆ. ಆದರೆ ಉಳಿದ ಕೊಂಡಿಯಿಂದ ವಿಷದ ಜೊತೆಗೆ ಒಂದು ವಾಸನೆಯೂ ಹೊರಡುತ್ತದೆ. ಗೂಡಿನ ಇತರ ನೊಣಗಳಿಗೆ ಅದೇ ಅಪಾಯದ ಕರೆ. ಅದನ್ನು ಎಚ್ಚರಿಕೆಯ ಫೆರೊಮೋನ್ ಎನ್ನುತ್ತಾರೆ. ಅದರ ಮುಖ್ಯ ಅಂಶ ಐಸೊಪೆಂಟೈಲ್ ಅಸಿಟೇಟ್ ಎಂಬುದನ್ನು 1962ರಲ್ಲಿ ಕೆನಡಾದ ವಿಜ್ಞಾನಿಗಳು ಗುರುತಿಸಿದರು. ಬಾಳೆಹಣ್ಣಿನ ಪರಿಮಳಕ್ಕೂ ಇದೇ ವಸ್ತು ಬಹುಮಟ್ಟಿಗೆ ಕಾರಣ. ನಮ್ಮ ತುಡುವೆ ಜೇನಿನಲ್ಲಿಯೂ ಹೆಜ್ಜೇನಿನಲ್ಲಿಯೂ ಇದು ಇದೆ. ಹೆಜ್ಜೇನಿನಲ್ಲಿ ಇದರೊಡನೆ ನಿಧಾನವಾಗಿ ಆರುವ ಇನ್ನೊಂದು ರಾಸಾಯನಿಕವೂ ಇರುವುದರಿಂದ ಅದರ ಕರೆ ಹೆಚ್ಚು ಹೊತ್ತು ಉಳಿಯುತ್ತದೆ.

ಕರೆ ಒಂದೇ ಆದರೂ ಎಲ್ಲ ಗೂಡುಗಳೂ ಒಂದೇ ರೀತಿ ಓಗೊಡುವುದಿಲ್ಲ. ಇಲ್ಲಿಯೇ ವಂಶವಾಹಿಗಳ ಪಾತ್ರ ಕಾಣುತ್ತದೆ. 1956ರಲ್ಲಿ ವಾರ್ವಿಕ್ ಕೆರ್ ಎಂಬ ವಿಜ್ಞಾನಿ ಉಷ್ಣವಲಯಕ್ಕೆ ಒಗ್ಗುವ ತಳಿಯನ್ನು ಬೆಳೆಸಲೆಂದು ಆಫ್ರಿಕಾದ ರಾಣಿಜೇನುಗಳನ್ನು ಬ್ರೆಜಿಲ್‌ಗೆ ತಂದರು. ಮರುವರ್ಷ ಕೆಲವು ಹಿಂಡುಗಳು ತಪ್ಪಿಸಿಕೊಂಡು, ಅಲ್ಲಿದ್ದ ಯುರೋಪಿನ ಜೇನುಗಳೊಡನೆ ಬೆರೆತವು. ಹೀಗೆ ಹುಟ್ಟಿದ ಸಂತತಿ ಬೇಗನೆ ಕೆರಳುವ, ದೂರದವರೆಗೆ ಬೆನ್ನಟ್ಟುವ ಸ್ವಭಾವದೊಡನೆ 1990ರ ವೇಳೆಗೆ ಅಮೆರಿಕದ ಟೆಕ್ಸಾಸನ್ನು ಮುಟ್ಟಿತು.

ಗ್ರೆಗ್ ಹಂಟ್ ಮತ್ತು ಸಂಗಡಿಗರು ಈ ಎರಡು ಬಗೆಯ ಜೇನುಗಳ ಮಿಶ್ರ ಸಂತತಿಯನ್ನು ಪರೀಕ್ಷಿಸಿದರು. ಗೂಡಿನ ಮುಂದೆ ಚರ್ಮದ ತುಂಡೊಂದನ್ನು ಆಡಿಸಿ, ಅದಕ್ಕೆ ನಾಟಿದ ಕೊಂಡಿಗಳನ್ನು ಎಣಿಸುವುದು ಅವರ ಕ್ರಮ. ಕುಟುಕುವ ಸ್ವಭಾವದ ಮೇಲೆ ಪ್ರಭಾವ ಬೀರುವ ವಂಶವಾಹಿಗಳಿರುವ ಹಲವು ಪ್ರದೇಶಗಳು ಜೇನಿನ ವರ್ಣತಂತುಗಳಲ್ಲಿವೆಯೆಂದು 1998ರಲ್ಲಿ ಅವರು ತೋರಿಸಿದರು. ಅಂದರೆ ಸಿಟ್ಟಿಗೆ ಒಂದೇ ವಂಶವಾಹಿ ಕಾರಣವಲ್ಲ.

ಪೋರ್ಟೊರಿಕೊ ದ್ವೀಪದ ಕಥೆ ಇನ್ನೂ ಸ್ವಾರಸ್ಯಕರ. 1990ರ ದಶಕದಲ್ಲಿ ಅಲ್ಲಿಗೆ ತಲುಪಿದ ಇದೇ ಮಿಶ್ರ ಜೇನು ಕೆಲವೇ ದಶಕಗಳಲ್ಲಿ ಸೌಮ್ಯವಾಯಿತು. ಅಲ್ಲಿನ ಗೂಡುಗಳನ್ನು ಕುರಿತ 2020ರ ಅಧ್ಯಯನವೊಂದು ಅನಿರೀಕ್ಷಿತ ಸಂಗತಿಯನ್ನು ಹೊರಗೆಡಹಿತು. ಕುಟುಕಲು ಬಂದ ನೊಣಕ್ಕೂ ಮಕರಂದ ತರುವ ನೊಣಕ್ಕೂ ವಂಶವಾಹಿಗಳಲ್ಲಿ ಗಮನಾರ್ಹ ವ್ಯತ್ಯಾಸ ಕಾಣಲಿಲ್ಲ. ಗೂಡು ಎಷ್ಟು ಉಗ್ರವೆಂಬುದು ಅದರ ಎಲ್ಲ ನೊಣಗಳ ವಂಶವಾಹಿಗಳ ಒಟ್ಟು ಮಿಶ್ರಣಕ್ಕೆ ಹೊಂದಿಕೊಂಡಿತ್ತು. ರಾಣಿಯು ಹಲವು ಗಂಡುನೊಣಗಳನ್ನು ಕೂಡುವುದರಿಂದ ಒಂದೇ ಗೂಡಿನಲ್ಲಿ ಹಲವು ತಂದೆಯರ ಮಕ್ಕಳಿರುತ್ತಾರೆ. ಸಿಟ್ಟು ನೊಣದ್ದಲ್ಲ, ಮನೆತನದ್ದು ಎಂದರೆ ತಪ್ಪಾಗದು.

ಇದರಿಂದ ನಾವು ಕಲಿಯಬೇಕಾದುದೇನು? ಗೂಡು ಯಾವ ಸ್ವಭಾವದ್ದೆಂದು ಹೊರಗಿನಿಂದ ಹೇಳಲಾಗದು. ಆದ್ದರಿಂದ ಯಾವ ಗೂಡನ್ನೂ ಕೆಣಕಬಾರದು. ಒಂದು ನೊಣ ಕುಟುಕಿತೆಂದರೆ ನಮ್ಮ ಮೈಮೇಲೆ ಕರೆಯ ಗುರುತು ಬಿದ್ದಿತೆಂದೇ ಅರ್ಥ. ಅಲ್ಲಿ ನಿಂತು ಕೈ ಬೀಸದೆ, ಮುಖವನ್ನು ಮುಚ್ಚಿಕೊಂಡು ಓಡಿ, ಬಾಗಿಲು ಮುಚ್ಚಬಹುದಾದ ಕೋಣೆಯನ್ನು ಸೇರಬೇಕು. ಸುರಕ್ಷಿತ ಸ್ಥಳವನ್ನು ಸೇರಿದೊಡನೆ ಕೊಂಡಿಯನ್ನು ಉಗುರಿನಿಂದಲಾದರೂ ಸರಿ, ತಡಮಾಡದೆ ತೆಗೆಯಬೇಕು. ತಡವಾದಷ್ಟೂ ವಿಷ ಹೆಚ್ಚು ಇಳಿಯುತ್ತದೆ. ಹಲವು ನೊಣಗಳು ಕುಟುಕಿದ್ದರೆ, ಉಸಿರು ಕಟ್ಟಿದರೆ, ಮುಖ ಊದಿಕೊಂಡರೆ ಕೂಡಲೇ ಆಸ್ಪತ್ರೆಗೆ ಕರೆದೊಯ್ಯಬೇಕು. ಈ ಮಾತುಗಳನ್ನು ಮನೆಯಲ್ಲಿ ಮಕ್ಕಳೊಡನೆ ಕುಳಿತು ಒಮ್ಮೆ ಓದಿರೆಂದು ನಮ್ಮ ವಿನಂತಿ.