‘ರಗಸದಅ’ ಕಲಿಸುವ ಕಾರ್ಡುಗಳು

ಬಳ್ಳಾರಿ ಜಿಲ್ಲೆಯ ಕುರುಗೋಡು ತಾಲ್ಲೂಕಿನ ಬಾದನಹಟ್ಟಿಯ ಮಗುವೊಂದು ತನ್ನೂರಿನ ಹೆಸರನ್ನು ತಾನೇ ಓದಬೇಕೆಂದರೆ ಏನೇನು ಕಲಿತಿರಬೇಕು? ಬ, ದ, ನ ಗೊತ್ತಿರಬೇಕು. ಅವು ಬೇಗ ಬರುತ್ತವೆ. ‘ಬ’ಗೆ ದೀರ್ಘ ಕೊಟ್ಟರೆ ‘ಬಾ’ ಎಂದು ತಿಳಿದಿರಬೇಕು. ಹ ಬರಬೇಕು. ಕೊನೆಗೆ ಎದುರಾಗುವುದು ‘ಟ್ಟಿ’. ತಲೆಯ ಮೇಲೆ ಗುಡಿಸು, ಕಾಲ ಕೆಳಗೆ ಒತ್ತು. ಕಣ್ಣು ಮೇಲೆ, ನಡುವೆ, ಕೆಳಗೆ ಮೂರೂ ಕಡೆ ಓಡಾಡಿ ಬರಬೇಕು, ಬಾಯಿ ಮಾತ್ರ ಒಂದೇ ಉಸಿರಿಗೆ ಹೇಳಿ ಮುಗಿಸಬೇಕು. ವರ್ಣಮಾಲೆಯ 49 ಅಕ್ಷರಗಳನ್ನು ಗಟಗಟ ಒಪ್ಪಿಸುವ ಮಗುವೂ ಪಾಠದ ಸಾಲಿಗೆ ಬಂದಾಗ ಬೆರಳಿಟ್ಟುಕೊಂಡು ಸುಮ್ಮನೆ ಕೂರುವುದು ಇಂಥ ಕಡೆಯಲ್ಲೇ.

ಓದಲು ತಡವರಿಸುವ ಮಕ್ಕಳಿಗಾಗಿ ನಮ್ಮ ಸರ್ಕಾರಿ ಶಾಲೆಗಳು ಮಾಡಿಕೊಂಡ ಬಹು ದೊಡ್ಡ ಏರ್ಪಾಡು ನಲಿ-ಕಲಿ. 1995ರಲ್ಲಿ ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ ಯುನಿಸೆಫ್ ನೆರವಿನಿಂದ ಇದು ಶುರುವಾಯಿತು. ಅಲ್ಲಿನ ಶಿಕ್ಷಕರು ಆಂಧ್ರದ ಮದನಪಲ್ಲಿ ಬಳಿಯ ರಿಷಿ ವ್ಯಾಲಿಗೆ ಹೋಗಿ, ಅದರ ಹಳ್ಳಿ ಶಾಲೆಗಳಲ್ಲಿ ಮಕ್ಕಳು ಕಾರ್ಡು ಹಿಡಿದು ತಮ್ಮ ಪಾಡಿಗೆ ತಾವು ಕಲಿಯುವುದನ್ನು ನೋಡಿ ಬಂದರು. ಬಂದವರು ಅದನ್ನೇ ನಕಲು ಮಾಡಲಿಲ್ಲ. ಕನ್ನಡಕ್ಕೆ ಬೇಕಾದ ಕಾರ್ಡು, ಹಾಡು, ಆಟಗಳನ್ನು ತಾವೇ ಕೂತು ಕಟ್ಟಿದರು. 2009-10ರಲ್ಲಿ ಅದು ರಾಜ್ಯದ ಕನ್ನಡ ಮಾಧ್ಯಮದ ಸರ್ಕಾರಿ ಶಾಲೆಗಳಿಗೆಲ್ಲ ಬಂತು. ಮೇಲಿನಿಂದ ಇಳಿದ ಯೋಜನೆಗಳ ನಡುವೆ, ಪಾಠ ಮಾಡುವವರ ಕೈಯಲ್ಲೇ ರೂಪುಗೊಂಡದ್ದು ಎಂಬ ಕಾರಣಕ್ಕೆ ನನಗೆ ಇದರ ಮೇಲೆ ವಿಶೇಷ ಅಭಿಮಾನ.

ನಲಿ-ಕಲಿ ಅ, ಆ, ಇ, ಈಯಿಂದ ಆರಂಭವಾಗುವುದಿಲ್ಲ. ಮೊದಲ ಗುಂಪು ರ, ಗ, ಸ, ದ, ಅ. ಶಿಕ್ಷಕರ ಬಾಯಲ್ಲಿ ಇದು ಒಂದೇ ಪದವಾಗಿ ‘ರಗಸದಅ’ ಆಗಿಬಿಟ್ಟಿದೆ. ಬರೆಯಲು ಸುಲಭವಾದ ದುಂಡು ಅಕ್ಷರಗಳಿವು. ಅದಕ್ಕಿಂತ ಮುಖ್ಯವಾಗಿ, ಐದು ಅಕ್ಷರ ಬಂದ ಕೂಡಲೇ ಮಗು ಸರ, ರಸ, ದರ, ಅಗಸ, ಅರಸ, ದಸರ, ಗರಗಸ ಎಂದು ನಿಜವಾದ ಪದಗಳನ್ನೇ ಓದಬಹುದು. ಮುಂದಿನ ಗುಂಪು ಜ, ವ, ಮ, ಬ, ನ. ಈಗ ಮರ, ಜನ, ನಗರ, ಮಗ ಎಲ್ಲವೂ ಕೈಗೆ ಬಂದವು. ಕುರುಗೋಡಿನ ದೊಡ್ಡಬಸವೇಶ್ವರನ ಗುಡಿಯಲ್ಲಿ ಆ ಭಾರಿ ಕಲ್ಲಿನ ನಂದಿಯನ್ನು ಕಂಡ ಮಗುವಿಗೆ ‘ಬಸವ’ ಎಂಬ ಪದ ಎರಡನೇ ಗುಂಪಿಗೇ ಸಿಕ್ಕಿತು. ಪದದ ಪಕ್ಕದಲ್ಲಿ ಚಿತ್ರ ಇರುತ್ತದೆ. ಚಿತ್ರ ನೋಡಿ ಪದ ಹೇಳು, ಪದದಿಂದ ಅಕ್ಷರ ಬಿಡಿಸು, ಬಿಡಿಸಿದ ಅಕ್ಷರದಿಂದ ಬೇರೆ ಪದ ಕಟ್ಟು: ಕೆಲಸ ಹೀಗೆ ಸಾಗುತ್ತದೆ.

ಇಂಗ್ಲಿಷ್ ಕಲಿಸುವವರೂ ಇದೇ ದಾರಿ ಹಿಡಿದಿದ್ದಾರೆ. ಬ್ರಿಟನ್ನಿನ ಜಾಲಿ ಫೋನಿಕ್ಸ್ ಪುಸ್ತಕಗಳು ಎಬಿಸಿಡಿ ಕ್ರಮ ಬಿಟ್ಟು ಎಸ್, ಎ, ಟಿ, ಐ, ಪಿ, ಎನ್ ಎಂದು ಹೊರಡುತ್ತವೆ. ಒಂದೊಂದು ಧ್ವನಿಗೂ ಒಂದು ಚಿತ್ರ, ಒಂದು ಕೈಸನ್ನೆ. ಎಸ್‌ಗೆ ಹಾವಿನ ಹಾಗೆ ಕೈ ಆಡಿಸುತ್ತಾರೆ. ನಮ್ಮ ಪಟ್ಟಣಗಳ ಕಾನ್ವೆಂಟುಗಳಲ್ಲಿ ಫೋನಿಕ್ಸ್ ಎಂದರೆ ದೊಡ್ಡ ಮಾತು. ಪಕ್ಕದ ಸರ್ಕಾರಿ ಶಾಲೆಯ ಒಂದನೇ ತರಗತಿಯಲ್ಲಿ ಅದೇ ತತ್ವದ ಕನ್ನಡ ರೂಪ ವರ್ಷಗಳಿಂದ ನಡೆಯುತ್ತಿದೆ ಎಂಬುದು ಅನೇಕ ತಂದೆತಾಯಿಗೆ ತಿಳಿದೇ ಇಲ್ಲ.

ನಲಿ-ಕಲಿ ಕೋಣೆಯಲ್ಲಿ ಒಂದು, ಎರಡು, ಮೂರನೇ ತರಗತಿಯ ಮಕ್ಕಳು ಬೆರೆತು ಕೂರುತ್ತಾರೆ. ಗೋಡೆಯ ಮೇಲೆ ಕಲಿಕಾ ಏಣಿ. ಯಾವ ಮೆಟ್ಟಿಲಿಗೆ ಯಾವ ಕಾರ್ಡು ಎಂಬುದನ್ನು ಅದರ ಮೇಲಿನ ಚಿಹ್ನೆ ನೋಡಿ ಮಗುವೇ ಹುಡುಕಿಕೊಳ್ಳುತ್ತದೆ. ಮಕ್ಕಳ ಗುಂಪುಗಳಿಗೆ ತಟ್ಟೆ ಎನ್ನುತ್ತಾರೆ. ಅಂಥವು ಐದು. ಹೊಸದನ್ನು ಕಲಿಯುವವರು ಶಿಕ್ಷಕರ ಬಳಿಯ ತಟ್ಟೆಯಲ್ಲಿ, ಕಲಿತದ್ದನ್ನು ಗಟ್ಟಿ ಮಾಡಿಕೊಳ್ಳುವವರು ಗೆಳೆಯರ ಜೊತೆ, ಐದನೆಯದರಲ್ಲಿ ಮಗು ತಾನೇ ತಾನಾಗಿ. ತಲೆಯ ಮೇಲೆ ದಾರ ಕಟ್ಟಿದ ಚಪ್ಪರ, ಅದರಲ್ಲಿ ಮಕ್ಕಳು ಬರೆದದ್ದು ತೂಗುತ್ತಿರುತ್ತದೆ. ಮೆಣಸಿನಕಾಯಿ, ಹತ್ತಿ ಬಿಡಿಸುವ ಕಾಲದಲ್ಲಿ ಮಕ್ಕಳು ಶಾಲೆ ತಪ್ಪಿಸುವ ಈ ಸೀಮೆಗೆ ಏಣಿಯ ಬೆಲೆ ದೊಡ್ಡದು. ಹದಿನೈದು ದಿನ ಬಿಟ್ಟು ಬಂದ ಮಗು ‘ಪಾಠ ಮುಂದೆ ಹೋಯಿತು’ ಎಂದು ಹಿಂದಿನ ಸಾಲಿಗೆ ಸರಿಯಬೇಕಿಲ್ಲ. ಬಿಟ್ಟ ಮೆಟ್ಟಿಲಿನಿಂದಲೇ ಹತ್ತಬಹುದು. ಸಿರುಗುಪ್ಪ, ಬಳ್ಳಾರಿ ಕಡೆ ಎಷ್ಟೋ ಮಕ್ಕಳ ಮನೆಮಾತು ತೆಲುಗು. ಅವರಿಗೆ ಚಿತ್ರವೇ ಮೊದಲ ಆಸರೆ, ಕನ್ನಡದ ಹೆಸರು ಆಮೇಲೆ ಬಂದು ಕೂಡಿಕೊಳ್ಳುತ್ತದೆ.

ಇಷ್ಟೆಲ್ಲ ಇದ್ದೂ ಮಕ್ಕಳು ಹಿಂದೆ ಉಳಿಯುತ್ತಾರೆ. ಗ್ರಾಮೀಣ ಭಾರತದ ಮೂರನೇ ತರಗತಿಯವರಲ್ಲಿ ಎರಡನೇ ತರಗತಿಯ ಪಾಠ ಓದಬಲ್ಲವರು ಐದರಲ್ಲಿ ಒಬ್ಬರಷ್ಟೇ ಎಂದು 2022ರ ಅಸರ್ ಸಮೀಕ್ಷೆ ಹೇಳಿತು. ಕೊರೊನಾ ಕಾಲದ ಪೆಟ್ಟು ಅದರಲ್ಲಿ ಸೇರಿದೆ. ಆದರೆ ಕನ್ನಡಕ್ಕೆ ತನ್ನದೇ ಆದ ಕಷ್ಟವೂ ಇದೆ. ಬೆಂಗಳೂರಿನ ಪ್ರಾಮಿಸ್ ಫೌಂಡೇಶನ್ನಿನ ಸೋನಾಲಿ ನಾಗ್ 2007ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಕನ್ನಡದ ಅಕ್ಷರಗಳು ಪೂರ್ತಿ ಕೈವಶವಾಗಲು ಮಕ್ಕಳಿಗೆ ನಾಲ್ಕನೇ ತರಗತಿಯವರೆಗೂ ಬೇಕಾಗುತ್ತದೆ ಎಂಬುದು ಕಂಡುಬಂತು. ಕಾಗುಣಿತ, ಒತ್ತಕ್ಷರಗಳ ರಾಶಿ ಅಷ್ಟು ದೊಡ್ಡದು.

ಒತ್ತಕ್ಷರವನ್ನೇ ನೋಡಿ. ‘ಕುಸ್ತಿ’ ಎಂದು ಬರೆದಾಗ ಗುಡಿಸು ಕೂರುವುದು ಸಕಾರದ ಮೇಲೆ, ಕೇಳಿಸುವುದು ತಕಾರ ಆದಮೇಲೆ. ಕಂಡದ್ದನ್ನು ಕಂಡ ಹಾಗೇ ಓದುವ ಪ್ರಾಮಾಣಿಕ ಮಗು ‘ಕುಸಿತ’ ಎನ್ನುತ್ತದೆ. ‘ಸೂರ್ಯ’ದಲ್ಲಿ ರಕಾರ ಕಿವಿಗೆ ಮೊದಲು, ಕಣ್ಣಿಗೆ ಆಮೇಲೆ. ಅರ್ಕಾವತ್ತು ಯಕಾರದ ಬಲಕ್ಕೆ ಕೂತಿದೆ. ಮಗು ‘ಸೂಯರ’ ಎಂದರೆ ಅದು ದಡ್ಡತನವಲ್ಲ, ಎಡದಿಂದ ಬಲಕ್ಕೆ ಓದು ಎಂದು ನಾವೇ ಕಲಿಸಿದ್ದನ್ನು ಅದು ಪಾಲಿಸಿದೆ. ಇಂಥಲ್ಲಿ ಹತ್ತು ಸಲ ಬರೆಸುವುದಕ್ಕಿಂತ ಬಣ್ಣ ಹೆಚ್ಚು ಕೆಲಸ ಮಾಡುತ್ತದೆ. ಮೂಲ ಅಕ್ಷರ ಕಪ್ಪು, ಸ್ವರದ ಗುರುತು ಕೆಂಪು, ಒತ್ತು ನೀಲಿ. ಮೊದಲು ಕಪ್ಪು, ಆಮೇಲೆ ನೀಲಿ, ಕೊನೆಗೆ ಕೆಂಪು ಎಂದು ಬೆರಳು ಓಡಿಸಿದರೆ ‘ಸ್’, ‘ತ್’, ‘ಇ’ ಸಾಲಾಗಿ ಬರುತ್ತವೆ. ಅರ್ಕಾವತ್ತಿಗೆ ಮಾತ್ರ ಬೇರೆ ಬಣ್ಣ ಬೇಕು, ಅದನ್ನು ಕಂಡರೆ ಹಿಂದಕ್ಕೆ ಹಾರಬೇಕು ಎಂಬ ಗುರುತಿಗೆ.

ಶಾಲೆಗಳಲ್ಲಿ ಇದಕ್ಕೆ ದುಬಾರಿ ಸಾಮಾನು ಬೇಕಿಲ್ಲ. ಮಿಂಚುಪಟ್ಟಿ (ಫ್ಲ್ಯಾಶ್ ಕಾರ್ಡು) ಹಳೆಯ ಮದುವೆ ಕಾರ್ಡಿನದಾದರೂ ನಡೆದೀತು. ಎರಡು ರಟ್ಟಿನ ಚಕ್ರಗಳನ್ನು ನಡುವೆ ಮೊಳೆ ಚುಚ್ಚಿ ಜೋಡಿಸಿ, ಒಂದರ ಮೇಲೆ ಅಕ್ಷರ, ಇನ್ನೊಂದರ ಮೇಲೆ ದೀರ್ಘ, ಗುಡಿಸು, ಕೊಂಬು, ಏತ್ವ ಬರೆದು ತಿರುಗಿಸಿದರೆ ಕಾಗುಣಿತ ಚಕ್ರ. ಹುಣಸೆಬೀಜ ಅಂಟಿಸಿದ ಅಕ್ಷರದ ಮೇಲೆ ಬೆರಳಾಡಿಸಿದರೆ ವ, ಮ, ಪ, ಷಗಳ ಗೊಂದಲ ಕಡಿಮೆಯಾಗುತ್ತದೆ.

ನನ್ನ ಅಸಮಾಧಾನ ಒಂದೇ. ನಲಿ-ಕಲಿ ಮೂರನೇ ತರಗತಿಗೆ ನಿಲ್ಲುತ್ತದೆ. ನಾಲ್ಕಕ್ಕೆ ಹೋದ ಮಗುವಿನ ಕೈಯಲ್ಲಿ ಕಾರ್ಡು ಕಂಡರೆ ‘ಇನ್ನೂ ಇದನ್ನೇ ಓದ್ತೀಯಾ’ ಎಂಬ ಮಾತು ಬೀಳುತ್ತದೆ. ಒತ್ತಕ್ಷರ ಕೈಗೂಡುವ ಹೊತ್ತಿಗೇ ಏಣಿ ತೆಗೆದುಬಿಟ್ಟ ಹಾಗಾಯಿತು. ನಾಲ್ಕು, ಐದನೇ ತರಗತಿಗಾಗಿ ಪ್ರಥಮ್ ಸಂಸ್ಥೆಯೊಂದಿಗೆ ಶಿಕ್ಷಣ ಇಲಾಖೆ ನಡೆಸಿದ ‘ಓದು ಕರ್ನಾಟಕ’ದಲ್ಲಿ ಮಕ್ಕಳನ್ನು ತರಗತಿಯ ಬದಲು ಓದಿನ ಮಟ್ಟ ನೋಡಿ ಕೂರಿಸಿ, ಕಾಗುಣಿತದ ಪಟ್ಟಿ ಮುಂದಿಟ್ಟು ಓದಿಸಿದರು. ಅದು ವರ್ಷದ ಕೆಲವು ದಿನಗಳ ಕೆಲಸವಾಗದೆ ಆ ತರಗತಿಗಳ ದಿನದ ವೇಳಾಪಟ್ಟಿಯಲ್ಲೇ ಸೇರಬೇಕು. ಇಷ್ಟಾಗಿಯೂ ಅಕ್ಷರ ಹಿಡಿಯದ ಮಕ್ಕಳು ಕೆಲವರಿರುತ್ತಾರೆ. ಅವರಿಗಿರುವುದು ಕಲಿಕಾ ನ್ಯೂನತೆ ಇರಬಹುದು. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಅದನ್ನು ಗುರುತಿಸಿದೆ, ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಲ್ಲಿ ಪರೀಕ್ಷೆ ಮಾಡುತ್ತಾರೆ. ಬಳ್ಳಾರಿಯಿಂದ ಮೈಸೂರು ದೂರ. ಕೂಲಿ ಬಿಟ್ಟು ಅಲ್ಲಿಗೆ ಹೋಗಲಾರದ ತಂದೆತಾಯಿಗಳ ಮಕ್ಕಳಿಗೆ ಇಂಥ ಪರೀಕ್ಷೆ ತಾಲ್ಲೂಕು ಮಟ್ಟದಲ್ಲೇ ಸಿಗಬೇಕು.