ಗುಜರಾತಿನ ಅಗಾಸಿಯಲ್ಲಿ ಎರೆಹುಳು

ಗುಜರಾತಿನಲ್ಲಿ ಮನೆಯ ತಾರಸಿ ಖಾಲಿ ಬಿದ್ದಿರುವ ಜಾಗವಲ್ಲ. ಅಲ್ಲಿನವರು ಅದನ್ನು ಅಗಾಸಿ ಎನ್ನುತ್ತಾರೆ. ಬೇಸಿಗೆಯ ಹಗಲಿನಲ್ಲಿ ಅಲ್ಲಿ ಹಪ್ಪಳ ಒಣಗುತ್ತದೆ, ರಾತ್ರಿ ಹಾಸಿಗೆ ಬೀಳುತ್ತದೆ. ಜನವರಿ 14ರ ಉತ್ತರಾಯಣಕ್ಕೆ ನೆಂಟರು ಇಷ್ಟರೆಲ್ಲ ಗಾಳಿಪಟ ಹಿಡಿದು ಅಲ್ಲಿಗೇ ಏರುತ್ತಾರೆ. ಅಹಮದಾಬಾದಿನಲ್ಲಿ ಪೋಳ್ ಎನ್ನುವ ಹಳೆಯ ಕೇರಿಗಳಲ್ಲಿ ಆ ಹಬ್ಬಕ್ಕೆ ಅಗಾಸಿಯನ್ನು ಬಾಡಿಗೆಗೆ ಕೊಡುವುದೂ ಉಂಟು. ಇಂಥ ಕಡೆ ಕಟ್ಟೆ ಕಟ್ಟಿ ಮಣ್ಣು ತುಂಬಿ ಕೈತೋಟ ಮಾಡುತ್ತೇನೆಂದರೆ ಮನೆಯವರೇ ಒಪ್ಪುವುದಿಲ್ಲ. ಎತ್ತಿ ಪಕ್ಕಕ್ಕಿಡುವಂಥ ಕುಂಡವೇ ಬೇಕು. ಕುಂಡ ಸಣ್ಣದಾದಷ್ಟೂ ಬೇಗ ಒಣಗುತ್ತದೆ; ಅಹಮದಾಬಾದಿನ ಮೇ ತಿಂಗಳಲ್ಲಂತೂ ಬೆಳಿಗ್ಗೆ ಹಾಕಿದ ನೀರು ಮಧ್ಯಾಹ್ನಕ್ಕೆ ಇರುವುದಿಲ್ಲ. ತಾನೇ ನೀರು ಹೀರಿಕೊಳ್ಳುವ ಕುಂಡದ ಮಾತು ಅಹಮದಾಬಾದ್, ವಡೋದರಾ, ಸೂರತ್‌ಗಳಲ್ಲಿ ಅರ್ಥ ಪಡೆಯುವುದು ಇಲ್ಲಿಂದ.

ಕುಂಡಕ್ಕೆ ಅಂಗಡಿಗೆ ಹೋಗಬೇಕಾಗಿಲ್ಲ. ಗುಜರಾತಿನ ಅಡುಗೆಮನೆಯಲ್ಲಿ ಕಡಲೆಕಾಯಿ ಎಣ್ಣೆಯ 15 ಕಿಲೋ ಡಬ್ಬ ಇದ್ದೇ ಇರುತ್ತದೆ. ಅದರ ಬೆಲೆ ಏರಿದರೆ ಪತ್ರಿಕೆಗಳಲ್ಲಿ ಸುದ್ದಿ. ಡಬ್ಬದ ಎತ್ತರ ಸುಮಾರು 35 ಸೆಂಟಿಮೀಟರ್, ಒಂದೊಂದು ಬದಿ 23. ತಳದ ಎಂಟು ಸೆಂಟಿಮೀಟರ್ ನೀರಿಗೆ ಬಿಟ್ಟು, ಅದರ ಮೇಲೆ ತೂತು ಕೊರೆದ ತಟ್ಟೆ ಕೂರಿಸಿ, ತಟ್ಟೆಯ ಮೇಲೆ ಮಣ್ಣು ತುಂಬಬೇಕು. ಮಣ್ಣಿನಿಂದ ನೀರಿಗೆ ಬಟ್ಟೆಯ ಬತ್ತಿ ಇಳಿಬಿಡಬೇಕು. ನೀರು ಹೊಯ್ಯಲು ಮೇಲಿನಿಂದ ತಳಕ್ಕೊಂದು ಕೊಳವೆ, ಹೆಚ್ಚಾದದ್ದು ಹೊರಹೋಗಲು ತಟ್ಟೆಗಿಂತ ತುಸು ಕೆಳಗೆ ಪಕ್ಕದಲ್ಲೊಂದು ತೂತು. ದೀಪದ ಬತ್ತಿ ಎಣ್ಣೆ ಎಳೆದುಕೊಂಡಂತೆ ಮಣ್ಣು ತನಗೆ ಬೇಕಾದಷ್ಟು ನೀರನ್ನು ಕೆಳಗಿನಿಂದ ಎಳೆದುಕೊಳ್ಳುತ್ತದೆ. ಒಳ್ಳೆಯ ಮಣ್ಣಿನಲ್ಲಿ ನೀರು ಹೀಗೆ ಸುಮಾರು 30 ಸೆಂಟಿಮೀಟರ್ ಏರುತ್ತದೆ. ಅದಕ್ಕಿಂತ ಎತ್ತರದ ಕುಂಡ ಮಾಡಿದರೆ ಮೇಲಿನ ಮಣ್ಣು ಒಣಗಿಯೇ ಇರುತ್ತದೆ.

ತಳದಲ್ಲಿ ನಿಲ್ಲುವುದು ನಾಲ್ಕು ಲೀಟರ್ ಚಿಲ್ಲರೆ ನೀರು. ಚಳಿಗಾಲದಲ್ಲಿ ಮೆಂತೆ, ಕೊತ್ತಂಬರಿಗೆ ಅದು ವಾರ ಬಂದೀತು. ಕಾಯಿ ಕಟ್ಟಿದ ಟೊಮೆಟೊ ಗಿಡ ಬಿರುಬೇಸಿಗೆಯಲ್ಲಿ ದಿನಕ್ಕೆ ಎರಡು ಲೀಟರ್ ಕುಡಿದರೆ ಆಶ್ಚರ್ಯವಿಲ್ಲ. ‘ಒಮ್ಮೆ ನೀರು ಹಾಕಿ, ಊರಿಗೆ ಹೋಗಿ ಬನ್ನಿ’ ಎಂಬ ಮಾರಾಟಗಾರರ ಮಾತು ಡಿಸೆಂಬರಿಗೆ ಸರಿ, ಮೇ ತಿಂಗಳಿಗೆ ಸುಳ್ಳು.

ಇದು ಹೊಸ ವಿದ್ಯೆಯೇನೂ ಅಲ್ಲ. ಹೂತಿಟ್ಟ ಮಣ್ಣಿನ ಗಡಿಗೆಯಿಂದ ನೀರು ಜಿನುಗಿಸಿ ಬಳ್ಳಿ ಬೆಳೆಸುವ ಕ್ರಮವನ್ನು ಎರಡು ಸಾವಿರ ವರ್ಷಗಳ ಹಿಂದೆಯೇ ಚೀನಾದ ಕೃಷಿ ಗ್ರಂಥವೊಂದು ವಿವರಿಸಿದೆ. ನಮ್ಮ ಬಯಲುಸೀಮೆಯಲ್ಲೂ ಸಸಿಯ ಪಕ್ಕ ಮಡಕೆ ಹೂಳುವವರಿದ್ದಾರೆ. ಇಂದಿನ ಪ್ಲಾಸ್ಟಿಕ್ ಪೆಟ್ಟಿಗೆಯನ್ನು ಜನಪ್ರಿಯಗೊಳಿಸಿದವನು ಅಮೆರಿಕದ ಫ್ಲೋರಿಡಾದ ಟೊಮೆಟೊ ಬೆಳೆಗಾರ ಬ್ಲೇಕ್ ವಿಸೆನಂಟ್. ಅವನ ‘ಅರ್ಥ್‌ಬಾಕ್ಸ್’ನಲ್ಲಿ ಪೋಷಣೆಗೆ ಮಣ್ಣಿನ ಮೇಲೆ ಗೊಬ್ಬರದ ಒಂದು ಪಟ್ಟಿ ಹಾಕುತ್ತಾರೆ. ಆ ಜಾಗಕ್ಕೆ ಹುಳುವನ್ನು ತಂದವರಲ್ಲಿ ಆಸ್ಟ್ರೇಲಿಯಾದ ಎಂಜಿನಿಯರ್ ಕಾಲಿನ್ ಆಸ್ಟಿನ್ ಮುಖ್ಯ: ಕೆಳಗೆ ನೀರು, ನಡುವೆ ಕೊಳೆಯುವ ಕಸ, ಅದನ್ನು ತಿಂದು ಗೊಬ್ಬರ ಮಾಡುವ ಎರೆಹುಳು. ಚಿಕ್ಕ ಕುಂಡದಲ್ಲಾದರೆ ನಡುವೆ ಮೈತುಂಬ ತೂತಿರುವ ಕೊಳವೆಯೊಂದನ್ನು ನೆಟ್ಟು ತರಕಾರಿ ಸಿಪ್ಪೆಯನ್ನು ಅದರೊಳಗೆ ಹಾಕಿದರಾಯಿತು. ಹುಳು ಬಂದು ತಿಂದು ಹೋಗುತ್ತದೆ, ಹಿಕ್ಕೆಯನ್ನು ಬೇರಿನ ಬುಡಕ್ಕೇ ಬಿಡುತ್ತದೆ.

ಹುಳುವಿಗೂ ಈ ಕುಂಡಕ್ಕೂ ಹೊಂದಿಕೆ ಚೆನ್ನಾಗಿದೆ. ಎರೆಹುಳು ಉಸಿರಾಡುವುದು ಚರ್ಮದಿಂದ. ಚರ್ಮ ಸದಾ ಒದ್ದೆಯಿರಬೇಕು, ಗಾಳಿಯೂ ಸಿಗಬೇಕು. ಮೇಲಿನಿಂದ ನೀರು ಸುರಿಯುವ ಕುಂಡದಲ್ಲಿ ಒಂದು ಹೊತ್ತು ಕೆಸರು, ಮತ್ತೊಂದು ಹೊತ್ತು ಬೂದಿ. ಕೆಳಗಿನಿಂದ ನೀರೇರುವ ಕುಂಡದ ನಡುಭಾಗ ಎರಡೂ ಅಲ್ಲ. ಆದರೆ ಮಣ್ಣು ತಕ್ಕುದಾಗಿರಬೇಕು. ಸೂರತ್ ಕಡೆಯ ಕಪ್ಪು ಎರೆಮಣ್ಣನ್ನೇ ತುಂಬಿದರೆ ಅದು ನೀರು ಕುಡಿದು ಗಾಳಿಯಾಡದ ಮುದ್ದೆಯಾಗುತ್ತದೆ. ವಡೋದರಾ, ಖೇಡಾ ಕಡೆಯ ಗೋರಾಡು ಎನ್ನುವ ಮರಳುಮಿಶ್ರಿತ ಮಣ್ಣು ವಾಸಿ. ಅದಕ್ಕೆ ತೆಂಗಿನ ನಾರಿನ ಪುಡಿ, ಒಣ ತರಗು, ಹಳೆಯ ಎರೆಗೊಬ್ಬರ ಸೇರಿಸಿದರೆ ಇನ್ನೂ ಒಳ್ಳೆಯದು.

ಹುಳುವಿಗೆ ದೊಡ್ಡ ಶತ್ರು ಬಿಸಿಲು. ಅಹಮದಾಬಾದಿನಲ್ಲಿ 2016ರ ಮೇ 20ರಂದು ತಾಪಮಾನ 48 ಡಿಗ್ರಿ ಮುಟ್ಟಿತ್ತು. ಅದಕ್ಕೂ ಮೊದಲು 2010ರ ಮೇ ತಿಂಗಳ ಬಿಸಿಗಾಳಿಗೆ ಆ ನಗರದಲ್ಲಿ ಸಾಮಾನ್ಯಕ್ಕಿಂತ 1,300ಕ್ಕೂ ಹೆಚ್ಚು ಜನ ಅಧಿಕವಾಗಿ ಸತ್ತರೆಂದು ಅಧ್ಯಯನ ಹೇಳಿತು. ಆ ಆಘಾತದಿಂದಲೇ 2013ರಲ್ಲಿ ನಗರಪಾಲಿಕೆ ದಕ್ಷಿಣ ಏಷ್ಯಾದಲ್ಲೇ ಮೊದಲ ಬಿಸಿಗಾಳಿ ಕಾರ್ಯಯೋಜನೆ ರೂಪಿಸಿತು; ಮುಂದೆ ಬಡವರ ಮನೆಗಳ ಸೂರಿಗೆ ಬಿಸಿಲು ತಡೆಯುವ ಬಿಳಿ ಬಣ್ಣ ಬಳಿಯುವ ಕೆಲಸವೂ ಅದಕ್ಕೆ ಸೇರಿತು. ಮನುಷ್ಯರೇ ಉಳಿಯದ ಬಿಸಿಲಿನಲ್ಲಿ ತಗಡಿನ ಡಬ್ಬದೊಳಗಿನ ಹುಳುವಿನ ಪಾಡೇನು? ಎರೆಗೊಬ್ಬರಕ್ಕೆ ಹೆಚ್ಚಾಗಿ ಮಾರುವ ಕೆಂಪು ಐಸೀನಿಯಾ ಹುಳುವಿಗೆ ಹಿತವಾದದ್ದು 15ರಿಂದ 25 ಡಿಗ್ರಿ. 35 ದಾಟಿದರೆ ಅದು ಉಳಿಯುವುದು ಕಷ್ಟ. ಆಫ್ರಿಕಾ ಮೂಲದ ಯೂಡ್ರಿಲಸ್ ಸ್ವಲ್ಪ ಹೆಚ್ಚು ಸೆಕೆ ತಡೆಯುತ್ತದೆ, ನಮ್ಮದೇ ನೆಲದ ಪೆರಿಯೋನಿಕ್ಸ್ ಕೂಡ. ಯಾವ ಹುಳು ಎಲ್ಲಿಗೆ ಸೂಕ್ತ ಎಂಬುದನ್ನು ನಮ್ಮ ದೇಶದಲ್ಲಿ ಮೊದಲು ಕೂತು ನೋಡಿದವರಲ್ಲಿ ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯದ ರಾಧಾ ಕಾಳೆ ಒಬ್ಬರು. ಕರ್ನಾಟಕದ ತೋಟಗಳಿಗೆ ಎರೆಗೊಬ್ಬರ ಬಂದದ್ದರಲ್ಲಿ ಅವರ ಪಾಲು ದೊಡ್ಡದು.

ತಳದ ನೀರು ಬೇರಿನ ಭಾಗವನ್ನು ಒಂದಿಷ್ಟು ತಂಪಾಗಿಡುತ್ತದೆ ನಿಜ, ಆದರೆ ಅದೊಂದೇ ಸಾಲದು. ಡಬ್ಬಕ್ಕೆ ಬಿಳಿ ಬಣ್ಣ ಬಳಿಯಬೇಕು, ಗೋಣಿಚೀಲ ಸುತ್ತಿ ಒದ್ದೆ ಮಾಡುತ್ತಿರಬೇಕು, ಪಡುವಣ ಬಿಸಿಲು ತಾಗದ ಕಡೆ ಇಡಬೇಕು. ಮಣ್ಣಿನ ಗಡಿಗೆ ಸಿಕ್ಕರೆ ಇನ್ನೂ ಲೇಸು. ಗಡಿಗೆಯ ಮೈಯಿಂದ ನೀರು ಆವಿಯಾಗುತ್ತ ಒಳಗನ್ನು ತಣಿಸುತ್ತದೆ, ಒಣಹವೆಯ ಅಹಮದಾಬಾದಿನಲ್ಲಂತೂ ಅದರ ಕೆಲಸ ಜೋರು. ಕಡಲಿಗೆ ಹತ್ತಿರದ, ಗಾಳಿಯಲ್ಲಿ ತೇವವಿರುವ ಸೂರತ್‌ನಲ್ಲಿ ಅಷ್ಟು ಪ್ರಯೋಜನವಿಲ್ಲ.

ಇನ್ನು ಹುಳುವಿನ ಧರ್ಮಸಂಕಟ. ಈ ಮೂರು ನಗರಗಳಲ್ಲೂ ಜೈನ ಮನೆಗಳು ಬಹಳ. ಕುಂಡದಲ್ಲಿ ಹುಳು ಸಾಕುವುದೆಂದರೆ ಅಲ್ಲಿ ವಾಸನೆಗಿಂತ ಮೊದಲು ಏಳುವ ಪ್ರಶ್ನೆ ಹಿಂಸೆಯದು: ಬಿಸಿಲಿಗೆ ಸತ್ತರೆ ಪಾಪ ಯಾರಿಗೆ? ಉಮಾಸ್ವಾತಿಯ ಜೈನ ಗ್ರಂಥ ತತ್ತ್ವಾರ್ಥಸೂತ್ರ ಜೀವಿಗಳನ್ನು ಇಂದ್ರಿಯಗಳ ಲೆಕ್ಕದಲ್ಲಿ ಹಂತಹಂತವಾಗಿ ಜೋಡಿಸುತ್ತದೆ. ಹುಳುವಿಗೆ ಎರಡು ಇಂದ್ರಿಯ, ಸ್ಪರ್ಶ ಮತ್ತು ರುಚಿ. ಇರುವೆಗೆ ಮೂರು, ದುಂಬಿಗೆ ನಾಲ್ಕು, ಮನುಷ್ಯನಿಗೆ ಐದು. ಡಾರ್ವಿನ್ 1881ರಲ್ಲಿ ಎರೆಹುಳುಗಳ ಮೇಲೆ ಬರೆದ ಪುಸ್ತಕ ನೋಡಿದರೆ ಸೋಜಿಗವಾಗುತ್ತದೆ. ಹುಳುಗಳ ಮುಂದೆ ಪಿಯಾನೊ, ಬಸೂನ್ ನುಡಿಸಿ ನೋಡಿ ಅವುಗಳಿಗೆ ಕಿವಿಯಿಲ್ಲ ಎಂದು ತೀರ್ಮಾನಿಸಿದ ಅವನು, ಸ್ಪರ್ಶ ಮಾತ್ರ ಬಲು ಸೂಕ್ಷ್ಮ, ತಿನ್ನುವುದರಲ್ಲಿ ಅವಕ್ಕೂ ಇಷ್ಟಾನಿಷ್ಟ ಉಂಟು ಎಂದು ಬರೆದ. ಬೆಳಕಿನ ಅರಿವು ಹುಳುವಿಗೆ ಅಷ್ಟಿಷ್ಟು ಉಂಟೆಂದೂ ಅವನು ಕಂಡುಕೊಂಡಿದ್ದ. ಆದರೂ ಇಬ್ಬರ ಲೆಕ್ಕ ಹೆಚ್ಚುಕಡಿಮೆ ಒಂದೇ.

ಜೈನರ ಆಕ್ಷೇಪವನ್ನು ತೋಟಗಾರಿಕೆಯವರು ಮೂಢನಂಬಿಕೆ ಎಂದು ತಳ್ಳಿಹಾಕುವುದನ್ನು ನಾನು ಒಪ್ಪಲಾರೆ. ಅದು ಕೆಲಸಕ್ಕೆ ಬರುವ ಆಕ್ಷೇಪ. ಹುಳುವನ್ನು ಗೊಬ್ಬರದ ಯಂತ್ರವೆಂದು ಕಿಲೋ ಲೆಕ್ಕದಲ್ಲಿ ತಂದು, ಸತ್ತರೆ ಮತ್ತೆ ತರಿಸುವವನಿಗಿಂತ ಸಾಯಬಾರದು ಎಂದು ಅಂಜುವವನ ಕುಂಡವೇ ಚೆನ್ನಾಗಿರುತ್ತದೆ. ಜೈನರ ಮನೆಯಲ್ಲಿ ಮೂಲಂಗಿ, ಗೆಣಸು ಬೆಳೆಯುವ ಪ್ರಶ್ನೆಯಿಲ್ಲವಾದ್ದರಿಂದ ಬೇರು ಕೀಳಲು ಮಣ್ಣು ಬಗೆದು ಹುಳುವಿಗೆ ತೊಂದರೆ ಕೊಡುವುದೂ ತಪ್ಪುತ್ತದೆ. ಚಾತುರ್ಮಾಸದಲ್ಲಿ ಸೊಪ್ಪು ತಿನ್ನದವರು ಆ ನಾಲ್ಕು ತಿಂಗಳು ಕುಂಡಕ್ಕೆ ವಿಶ್ರಾಂತಿ ಕೊಡಬಹುದು. ಮಳೆಗಾಲದ ಆ ವಿಶ್ರಾಂತಿಯಿಂದ ಮಣ್ಣಿಗೆ ಎಷ್ಟು ಲಾಭ ಎಂಬುದು ಮುಂದೆ ಬರುತ್ತದೆ.

ಮತ್ತೊಂದು ಜಗಳ ನಮ್ಮವರಿಗೂ ಗೊತ್ತಿರುವುದೇ. 2019ರಲ್ಲಿ ಆಚಾರ್ಯ ದೇವವ್ರತ್ ಗುಜರಾತಿನ ರಾಜ್ಯಪಾಲರಾಗಿ ಬಂದಮೇಲೆ ಅಲ್ಲಿ ನೈಸರ್ಗಿಕ ಕೃಷಿಗೆ ಸರ್ಕಾರದ ಬೆಂಬಲ ಹೆಚ್ಚಿತು. 2021ರಲ್ಲಿ ಸರ್ಕಾರ ಡಾಂಗ್ ಜಿಲ್ಲೆಯನ್ನು ಪೂರ್ಣ ನೈಸರ್ಗಿಕ ಕೃಷಿಯ ಜಿಲ್ಲೆಯೆಂದು ಘೋಷಿಸಿತು. ಈ ಹಾದಿಯ ಹಿರಿಯ ಸುಭಾಷ್ ಪಾಳೇಕರ್, ಕರ್ನಾಟಕದ ರೈತರಿಗೆ ಎರಡು ದಶಕದಿಂದ ಪರಿಚಿತರು, ಎರೆಗೊಬ್ಬರದ ಕಡು ವಿರೋಧಿ. ಐಸೀನಿಯಾ ನಮ್ಮ ಎರೆಹುಳುವೇ ಅಲ್ಲ, ನೆಲ ಕೆಡಿಸುವ ಪ್ರಾಣಿ ಎನ್ನುವುದು ಅವರ ವಾದ. ನೆಲ ಕೆಡಿಸುತ್ತದೆ ಎಂಬುದಕ್ಕೆ ನನಗೆ ಆಧಾರ ಕಂಡಿಲ್ಲ. ಅರ್ಧ ಮಾತು ಮಾತ್ರ ದಿಟ: ಐಸೀನಿಯಾ ಮೇಲಿನ ಕಸದಲ್ಲಿ ಬದುಕುವ ಹುಳು, ಆಳಕ್ಕೆ ಕೊರೆದು ಮಣ್ಣು ಉಳುವ ಜಾತಿಯಲ್ಲ. ಬರೀ ಮಣ್ಣಿಗೆ ಬಿಟ್ಟು ಉಣ್ಣಲು ಹಾಕದಿದ್ದರೆ ಸಾಯುತ್ತದೆ, ಇಲ್ಲವೇ ಹೊರಟುಹೋಗುತ್ತದೆ. ಕುಂಡದಲ್ಲಿ ಅದಕ್ಕೆ ಪ್ರತಿವಾರ ತಿನ್ನಲು ಸಿಗುತ್ತದೆ, ಬದುಕುತ್ತದೆ. ಹೊಲದ ಜಗಳವನ್ನು ಡಬ್ಬದೊಳಕ್ಕೆ ತರಬೇಕಾಗಿಲ್ಲ.

ಹೊಲದ ಮಾತೇ ಬೇಕೆಂದರೆ ಸೂರತ್‌ನಿಂದ ತೆಂಕಣಕ್ಕೆ, ವಲ್ಸಾಡ್ ಜಿಲ್ಲೆಯ ಉಮರಗಾಂವ್ ಬಳಿಯ ದೇಹರಿಗೆ ಹೋಗಬೇಕು. ಅಲ್ಲಿನ ‘ಕಲ್ಪವೃಕ್ಷ’ ತೋಟದ ಭಾಸ್ಕರ ಸಾವೆ (1922–2015) ಮೊದಲು ಶಾಲಾಮಾಸ್ತರರು. ರಾಸಾಯನಿಕ ಗೊಬ್ಬರದಿಂದ ಒಳ್ಳೆಯ ಬೆಳೆ ತೆಗೆದು, ಆಮೇಲೆ ಅದನ್ನು ಪೂರ್ತಿ ಕೈಬಿಟ್ಟವರು. ಜಪಾನಿನ ನೈಸರ್ಗಿಕ ಕೃಷಿಕ ಫುಕುವೊಕಾ ಸಾವೆಯವರ ತೋಟ ನೋಡಿ ಮೆಚ್ಚಿದ್ದರು. ಸಾವೆಯವರು ನೀರನ್ನು ಮರದ ಬುಡಕ್ಕೆ ಹಾಕದೆ ದೂರದ ಕಾಲುವೆಗೆ ಬಿಡುತ್ತಿದ್ದರು. ಬೇರಿಗೆ ಬೇಕಾದದ್ದು ನಿಂತ ನೀರಲ್ಲ, ಗಾಳಿಯೊಡನೆ ಬೆರೆತ ತೇವ. ಉಳುವ ಕೆಲಸವನ್ನು ಹುಳುವಿಗೆ ಬಿಡಿ ಎನ್ನುವುದು ಅವರ ನಿಲುವು. ಸಾವೆಯವರು ಕುಂಡದ ಕೃಷಿಕರಲ್ಲ, ಹದಿನಾಲ್ಕು ಎಕರೆಯ ಒಡೆಯರು. ಆದರೂ ತಟ್ಟೆಯ ಕೆಳಗೆ ನೀರು, ಮೇಲೆ ಬೇರು ಎಂಬ ನಮ್ಮ ಡಬ್ಬದ ತತ್ತ್ವ ಅವರ ಕಾಲುವೆಯದೇ.

ಬತ್ತಿಯ ವಿಷಯಕ್ಕೆ ಸೂರತ್‌ಗೆ ಬರೋಣ. ಹತ್ತಿಯ ಬತ್ತಿ ನೀರು ಚೆನ್ನಾಗಿ ಎಳೆಯುತ್ತದೆ, ಆದರೆ ಹುಳು, ಸೂಕ್ಷ್ಮಜೀವಿಗಳಿರುವ ಒದ್ದೆ ಮಣ್ಣಿನಲ್ಲಿ ಒಂದು ಬೆಳೆ ಮುಗಿಯುವುದರೊಳಗೆ ಕೊಳೆತುಹೋಗುತ್ತದೆ. ಪಾಲಿಯೆಸ್ಟರ್ ಕೊಳೆಯುವುದಿಲ್ಲ. ದೇಶದ ಕೃತಕ ನೂಲಿನ ಸೀರೆಬಟ್ಟೆಯ ದೊಡ್ಡ ಪಾಲು ನೇಯುವ ಸೂರತ್‌ನಲ್ಲಿ ಕತ್ರಣ್ ಎಂಬ ಬಟ್ಟೆಚೂರಿಗೆ ಬರವಿಲ್ಲ. ನಾಲ್ಕು ಚೂರು ಜಡೆ ಹೆಣೆದರೆ ಬತ್ತಿ ಸಿದ್ಧ. ಸಾವಯವ ಕುಂಡದಲ್ಲಿ ಪ್ಲಾಸ್ಟಿಕ್ ದಾರವೇ ಎಂದು ಮೂಗು ಮುರಿಯುವವರು ಬತ್ತಿಯ ಬದಲು ತಟ್ಟೆಯಿಂದ ನೀರಿಗೆ ಮಣ್ಣು ತುಂಬಿದ ಸಣ್ಣ ಹೂಕುಂಡವೊಂದನ್ನು ಇಳಿಬಿಡಬಹುದು, ಅದೂ ಅಷ್ಟೇ ಕೆಲಸ ಮಾಡುತ್ತದೆ. ಸೂರತ್‌ನಲ್ಲಿ ಇನ್ನೊಂದು ಎಚ್ಚರ ಬೇಕು. 1994ರ ಪ್ಲೇಗ್‌ನಿಂದ ಬೆಚ್ಚಿದ ಆ ಊರು ಶುಚಿತ್ವವನ್ನು ಹಟದಿಂದ ಕಲಿತು, 2023ರ ಸ್ವಚ್ಛ ಸರ್ವೇಕ್ಷಣೆಯಲ್ಲಿ ಇಂದೋರ್ ಜೊತೆ ಮೊದಲ ಸ್ಥಾನ ಹಂಚಿಕೊಂಡಿತು. ಅಂಥ ಊರಿನ ಅಗಾಸಿಯಲ್ಲಿ ನಿಂತ ನೀರಿಟ್ಟು ಸೊಳ್ಳೆ ಸಾಕಬಾರದು. ಕೊಳವೆಯ ಬಾಯಿಗೂ ಪಕ್ಕದ ತೂತಿಗೂ ಸಣ್ಣ ಕಣ್ಣಿನ ಬಲೆ ಕಟ್ಟುವುದು ಕಡ್ಡಾಯ.

ವಡೋದರಾದವರಿಗೆ ಒಂದೇ ಮಾತು. ಕೊಯಲಿಯ ತೈಲ ಶುದ್ಧೀಕರಣಾಗಾರ, ನಂದೇಸರಿಯ ರಾಸಾಯನಿಕ ಕಾರ್ಖಾನೆಗಳ ಆ ಸುತ್ತಿನಲ್ಲಿ ಗುಜರಿಗೆ ಬರುವ ನೀಲಿ ಪೀಪಾಯಿಯಲ್ಲಿ ಮೊದಲು ಏನಿತ್ತೆಂದು ಮಾರುವವನಿಗೂ ಗೊತ್ತಿರುವುದಿಲ್ಲ. ಎಷ್ಟೇ ಅಗ್ಗವಾದರೂ ಸೊಪ್ಪು ಬೆಳೆಯಲು ಅದು ಬೇಡ. ಎಣ್ಣೆ ಡಬ್ಬ ತುಕ್ಕು ಹಿಡಿದು ಎರಡು ವರ್ಷಕ್ಕೆ ಹೋದರೂ ಪರವಾಗಿಲ್ಲ.

ಈ ಕುಂಡಗಳ ಗುಟ್ಟಾದ ಕೇಡು ಉಪ್ಪು. ಮೇಲಿನಿಂದ ನೀರು ಹಾಕಿದರೆ ಉಪ್ಪು ತೊಳೆದು ತಳದ ತೂತಿನಿಂದ ಹೋಗುತ್ತದೆ. ಇಲ್ಲಿ ನೀರು ಮೇಲೇರಿ ಆವಿಯಾಗುವುದರಿಂದ ನೀರಿನಲ್ಲಿದ್ದ ಉಪ್ಪೆಲ್ಲ ಮಣ್ಣಿನ ಮೇಲ್ಪದರದಲ್ಲಿ ಉಳಿಯುತ್ತದೆ. ಬೋರ್‌ವೆಲ್‌ನ ಗಡಸು ನೀರಾದರೆ ಕೆಲವೇ ತಿಂಗಳಲ್ಲಿ ಬಿಳಿ ಪೊರೆ ಕಾಣುತ್ತದೆ. ಎಲೆಯ ಅಂಚು ಸುಡುತ್ತದೆ, ಹುಳು ಓಡುತ್ತದೆ. ಉಪ್ಪಿನಕಾಯಿ, ಫರ್ಸಾಣ್ ಎಂಬ ಕುರುಕಲು ತಿಂಡಿ, ಒಗ್ಗರಣೆ ಹಾಕಿದ ಉಳಿಕೆಯನ್ನು ಹುಳುವಿಗೆ ಹಾಕಬಾರದೆನ್ನುವುದೂ ಇದೇ ಕಾರಣಕ್ಕೆ. ಚಹಾದ ಚರಟವನ್ನೂ ಸಕ್ಕರೆ ಹೋಗುವಂತೆ ತೊಳೆದೇ ಹಾಕಬೇಕು. ಅಹಮದಾಬಾದಿನ ಹಳೆಯ ಮನೆಗಳಿಗೆ ಉಪ್ಪಿಗೆ ಮದ್ದು ತಿಳಿದಿತ್ತು. 2017ರಲ್ಲಿ ಯುನೆಸ್ಕೊ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದ ಆ ಊರಿನ ಹಳೆಯ ಪೇಟೆಯ ಅನೇಕ ಮನೆಗಳ ಅಂಗಳದಡಿ ಟಾಂಕಾ ಎಂಬ ನೆಲಮಾಳಿಗೆಯ ತೊಟ್ಟಿಯಿದೆ. ಮೊದಲ ಮಳೆಗೆ ಅಗಾಸಿ ತೊಳೆದು ಆ ನೀರನ್ನು ಹೊರಬಿಟ್ಟು, ಆಮೇಲಿನ ಮಳೆಯನ್ನು ಕೊಳವೆಯಲ್ಲಿ ಅದಕ್ಕೆ ಇಳಿಸಿಕೊಂಡು ವರ್ಷವಿಡೀ ಕುಡಿಯುತ್ತಿದ್ದರು. ನಲ್ಲಿ ಬಂದಮೇಲೆ ಬಹಳಷ್ಟು ಟಾಂಕಾಗಳು ಮುಚ್ಚಿದವು. ಅಗಾಸಿಯ ಮಳೆನೀರನ್ನು ಒಂದು ಸಿಂಟೆಕ್ಸ್‌ಗಾದರೂ ತುಂಬಿಕೊಂಡರೆ ಕುಂಡಕ್ಕೆ ಅದಕ್ಕಿಂತ ಒಳ್ಳೆಯ ನೀರಿಲ್ಲ. ಅದೂ ಆಗದಿದ್ದರೆ ಜುಲೈ, ಆಗಸ್ಟ್‌ನಲ್ಲಿ ಕುಂಡಗಳನ್ನು ಬಯಲಿಗಿಟ್ಟು ಮಳೆಯಲ್ಲಿ ಚೆನ್ನಾಗಿ ನೆನೆಯಲು ಬಿಡಿ, ಪಕ್ಕದ ತೂತು ಕಟ್ಟಿಕೊಂಡಿಲ್ಲವೆಂದು ಮಾತ್ರ ನೋಡಿಕೊಳ್ಳಿ. ವರ್ಷದ ಉಪ್ಪು ತೊಳೆದುಹೋಗುತ್ತದೆ. ಚಾತುರ್ಮಾಸದ ವಿಶ್ರಾಂತಿಯ ಲಾಭ ಇದು.

ಹುಳುಕುಂಡದಿಂದ ನಗರದ ಕಸ ಕರಗುತ್ತದೆ ಎನ್ನುವ ಉತ್ಸಾಹಿಗಳೂ ಇದ್ದಾರೆ. ಒಂದು ಡಬ್ಬದ ಹುಳುಗಳು ದಿನಕ್ಕೆ ಒಂದು ಹಿಡಿಯನ್ನೂ ತಿನ್ನಲಾರವು. ಅಹಮದಾಬಾದಿನ ಪಿರಾಣಾದ ಕಸದ ಗುಡ್ಡ ಇದರಿಂದ ಇಳಿಯುವುದಿಲ್ಲ, ಅದಕ್ಕೆ ನಗರಪಾಲಿಕೆಯೇ ಮೈಮುರಿದು ದುಡಿಯಬೇಕು. ಡಬ್ಬದಿಂದ ಬರುವುದು ಸೊಪ್ಪು, ಬದನೆ, ಒಂದಷ್ಟು ಕಾಯಿ. ಅಷ್ಟೇ ಸಾಕು.

ಏನು ಹಾಕಬೇಕೆಂದು ಅಲ್ಲಿರುವ ಕನ್ನಡ ಮನೆಗಳು ಕೇಳಿದರೆ ಬಸಳೆ ಎನ್ನುತ್ತೇನೆ. ಸದಾ ತೇವ ಬೇಡುವ ಬಳ್ಳಿಗೆ ಈ ಕುಂಡ ಹೇಳಿ ಮಾಡಿಸಿದ್ದು. ಗುಜರಾತಿಗಳು ಅದನ್ನೇ ಪೋಯಿ ಎಂದು ಕರೆದು ಎಲೆಯಿಂದ ಭಜಿಯಾ ಕರಿಯುತ್ತಾರೆ. ಚಳಿಗಾಲಕ್ಕೆ ಸೂರತಿ ಪಾಪಡಿ: ಉತ್ತರಾಯಣದ ಉಂಧಿಯು ಎಂಬ ಮಿಶ್ರ ತರಕಾರಿ ಪಲ್ಯಕ್ಕೆ ಬೀಳುವ ಆ ಕಾಯಿ ನಮ್ಮ ಅವರೆಯದೇ ಕುಲ. ಸಿಪ್ಪೆಸಮೇತ ತಿನ್ನುತ್ತಾರೆ, ಹಿತಕುವ ಕೆಲಸವಿಲ್ಲ.

ಶುರು ಮಾಡುವುದು ಮಾತ್ರ ನವರಾತ್ರಿಯ ಗರ್ಬಾ ಮುಗಿದ ಮೇಲೆ. ಬೀಜಕ್ಕೂ ಹುಳುವಿಗೂ ಮುಂದೆ ನಾಲ್ಕೈದು ತಿಂಗಳ ಹಿತವಾದ ಹವೆಯಿರುತ್ತದೆ. ಮಾರ್ಚ್ ಕೊನೆಗೆ ಕುಂಡ ನೆರಳಿಗೆ ಬರಲಿ. ಏಪ್ರಿಲ್‌ನಲ್ಲಿ ಯಾರಾದರೂ ಹುಳು ಮಾರಲು ಬಂದರೆ ಅಕ್ಟೋಬರಿಗೆ ಬರಲು ಹೇಳಿ.